ತೂತು ಬ್ಯಾರೆ ಕಡೆ

ಬೆಟಗೇರಿಯೊಳಗ ನಮ್ಮ ಮಗ್ಗದ ಖೋಲಿ.
ಹತ್ತು ಫೂಟು ಅಗಲ, ಹದಿನಾರು ಉದ್ದ,
ಮ್ಯಾಲೆ ಅಂಗೈಹಂಗ ಸಪಾಟು ಮಾಳಿಗಿ.
ಅತ್ತಿ ಇದ್ದಾಗ ವರ್ಷಾ ಸವಳು ಹೊತ್ತು ಹಾಕತಿದ್ದಳು.
ಆಮ್ಯಾಲೆ ಸಿಮೆಂಟು ಬಂತು,
ಸಿಮೆಂಟಿಗೆ ಬಿರುಕು ಬಂತು,
ಬಿರುಕಿನ ಕೆಳಗ ನಾವು ಬಂದ್ವಿ, ಡಬ್ಬಿ ಹಿಡಕೊಂಡು.

ಹೋದ ಮಿರಗದಾಗ ಒಂದು ಹನಿ
ಸರಿಯಾಗಿ ಹಾಸಿನ ಮ್ಯಾಲೇ ಬಿತ್ತು.
ಗಿಣಿಹಸಿರು ನೂಲಿನಾಗ ಬಟ್ಟಲಗಲ ತುಕ್ಕಿನ ಕಲಿ.
ಇವರು ಏನೂ ಅನಲಿಲ್ಲ, ಡಬ್ಬಿ ಸರಿಸಿದರು.
ನಾನೂ ಅನಲಿಲ್ಲ.
ಎರಡು ದಿನ ಮನಿಯಾಗ ಡಬ್ಬಿ ಒಂದ ಮಾತಾಡ್ತು.

ಈ ಬ್ಯಾಸಗಿಗೆ ಗೈಬುಸಾಬ ಬಂದ.
ಡಾಂಬರ ಹಾಳಿ ನಾಕು ಸುರುಳಿ,
ಗ್ಯಾಸಿನ ಕೊಳವಿ, ಕಸಬರಗಿ, ಒಂದು ಲೋಟ.
ಲೋಟ ಯಾಕಪಾ, ಚಾಕ್ಕೇನು?
ನಕ್ಕು, ಮಾಳಿಗಿ ನಟ್ಟನಡುವ ನೀರು ಸುರುವಿ
ಕುಕ್ಕರಗಾಲಲೆ ಕುಂತ.
ನೀರು ಸ್ವಲ್ಪ ಹೊತ್ತು ವಿಚಾರ ಮಾಡಿತು.
ಆಮ್ಯಾಲೆ ಬಡಗಲ ಮೂಲಿಗೆ ಹೊಂಟಿತು.
ಅಲ್ಲಿ ಗ್ವಾಡಿ ಬುಡದಾಗ ಬಸರಿ ಸಸಿ, ಎರಡೇ ಎಲಿ.

"ಹನಿ ಎಲ್ಲಿ ಬೀಳತದ?"
ಮಗ್ಗದ ಮ್ಯಾಲೆ.
"ಅದಕ್ಕ ಮಗ್ಗದ ಮ್ಯಾಲಷ್ಟ ನೋಡಿದ್ರಿ.
ಸೋರೂದು ಒಂದು ಕಡೆ ಅವ್ವಾ, ತೂತು ಬ್ಯಾರೆ ಕಡೆ.
ನೀರು ಒಳಗೊಳಗ ನಡಕೋತ ಬರತದ,
ಕೈಬಿಡೂ ಜಾಗ ಸಿಗೂತನಕಾ."

ಬೆಳಕಿಂಡಿಯಾಗ ಬಗ್ಗಿ ನೋಡಿದೆ.
ಇವರ ನೆತ್ತಿ, ಲಾಳಿ, ಹಿಂದಿನ ಸಲದ ಕಲಿ.

ತಗ್ಗಿನಿಂದ ಸುರು ಮಾಡಿದ. ಕೆಳಗಿನ ಹಾಳಿ ಮೊದಲ,
ಅದರ ಸೆರಗಿನ ಮ್ಯಾಲೆ ಮ್ಯಾಲಿನದರ ಸೆರಗು, ನಾಕು ಬಟ್ಟು.
ಹೊಲಗಿ ಹಾಕೂದಿಲ್ಲೇನು ಅಂದೆ, ನೇಕಾರರಕಿ ನಾನು.
"ಹೊಲಗಿ ಅಂದ್ರ ತೂತಲ್ಲೇನವ್ವಾ?"
ಕೊಳವಿ ಹಾಯ್ದಲ್ಲೆ ಹಾಳಿ ಬೆವತು ಮಿಂಚಿತು.
ತುಳದು ತುಳದು ಕೂಡಿಸಿದ.
ಗ್ವಾಡಿ ಮ್ಯಾಲೆ ಗೇಣುದ್ದ ಏರಿಸಿ ಒತ್ತಿದ,
ಮೂಲಿಗೊಂದು ತಗಡಿನ ದೋಣಿ ಇಟ್ಟ.
ಸಸಿ ಕಿತ್ತು ನನ್ನ ಕೈಯಾಗ ಕೊಟ್ಟ:
ಎಲಿ ಎರಡು, ಬೇರು ಮೊಳಕ್ಕಿಂತ ಉದ್ದ.

ಬಿಸಿ ಆರೂದರಾಗ ಬಾಜೂ ಮನಿ ಬೆಕ್ಕು ಹಾಯ್ದು
ಐದು ಹೆಜ್ಜಿ ಮೂಡಿಸಿ ಹೋತು.
ಗೈಬುಸಾಬ ಬೈದ. ಇರಲಿ ಬಿಡು ಅಂದೆ.

ಮೊನ್ನೆ ಮಿರಗ ಹೊಡೀತು, ಮೂರು ತಾಸು.
ಡಬ್ಬಿ ಒಣಾ ಒಣಾ ಕುಂತಿತ್ತು.
ಹೊರಗ ದೋಣಿ ಒಂದಸಮನ ಒದರತಿತ್ತು.
ಇವರು ಲಾಳಿ ಒಗೆದರು, ಒಗೆದರು,
ನಡುವ ಕೈ ತಡೆದು
"ಮುಂಜಾನೆ ಸಾರಿಗೆ ಉಪ್ಪು ಕಮ್ಮಿ ಇತ್ತು" ಅಂದರು.

ಕಂಡಿಕಿ ಸುತ್ತೂದು ಬಿಟ್ಟೆ.
"ಉಪ್ಪಲ್ಲದು.
ನನ್ನ ತಮ್ಮನ ಲಗ್ನ. ಆರ್ಡರ್ ಅದ ಅಂತ
ನೀವು ಹೋಗಗೊಡಲಿಲ್ಲ, ಹನ್ನೊಂದು ವರ್ಷಾತು."

ಯಾವ ಲಗ್ನ ಅಂತ ಕೇಳಲಿಲ್ಲ.
ಲಾಳಿ ಕೆಳಗಿಟ್ಟರು.