ಎರಡು ಅಂಕದ ಪ್ರಶ್ನೆ

ಮಲ್ಪೆ ಬಂದರಿನ ಹಿಂದಿನ ರಸ್ತೆ, ಬಾಡಿಗೆ ಕೋಣೆ,
ಐಸ್ ಪ್ಲಾಂಟಿನ ಗುಂಯ್ ರಾತ್ರಿಯಿಡೀ.
ಎಪ್ಪತ್ತೊಂದು ಉತ್ತರ ಪತ್ರಿಕೆ, ಒಂದು ಕೆಂಪು ಪೆನ್ನು.
ಪ್ರಶ್ನೆ ಒಂದು: ಥಿಯರಿ ಎಂದರೇನು?

ಎಲ್ಲರೂ ಬರೆದಿದ್ದಾರೆ ನಾನು ಹೇಳಿಕೊಟ್ಟದ್ದನ್ನೇ,
ಅಲ್ಪವಿರಾಮ ಸಮೇತ.
ಸುಜಿತ್ ಕರ್ಕೇರ ಒಬ್ಬ ಬರೆದಿದ್ದಾನೆ:
"ನಮ್ಮಜ್ಜ ಬಲೆ ಬಿಡುವ ಮೊದಲು
ದೋಣಿಯ ತುದಿಯಲ್ಲಿ ನಿಂತು ನೋಡುತ್ತಿದ್ದರಂತೆ. ಅದು."

ಸೊನ್ನೆ ಹಾಕಿದೆ. ದುಂಡಗೆ.

ಆಮೇಲೆ ನಿದ್ದೆ ಹತ್ತದೆ ನಿಘಂಟು ತೆಗೆದೆ.
ಪದದ ಬುಡ ಗ್ರೀಸಿನಲ್ಲಿ. ಅಲ್ಲಿ ಒಂದೂರು
ತನ್ನವನೊಬ್ಬನನ್ನು ಇನ್ನೊಂದೂರಿನ ಉತ್ಸವಕ್ಕೆ ಕಳಿಸುತ್ತಿತ್ತಂತೆ,
ಆಡಲಿಕ್ಕಲ್ಲ, ಮಾರಲಿಕ್ಕಲ್ಲ,
ನೋಡಿ ಬರಲಿಕ್ಕೆ,
ಬಂದು ಇದ್ದದ್ದನ್ನು ಇದ್ದ ಹಾಗೇ ಹೇಳಲಿಕ್ಕೆ.
ಅವನ ನೋಟಕ್ಕಿದ್ದ ಹೆಸರು
ಸವೆದು ಸವೆದು, ಎಷ್ಟೋ ಹಡಗು ಹತ್ತಿ ಇಳಿದು
ನನ್ನ ಟೈಮ್‌ಟೇಬಲ್ಲಿಗೆ ಬಂದು ಕೂತಿದೆ:
ಸೋಮವಾರ, ಮೊದಲ ಪೀರಿಯಡ್, ಥಿಯರಿ.
ಅದೇ ಬೇರಿನ ಇನ್ನೊಂದು ಕುಡಿ ಥಿಯೇಟರು.
ಅಲ್ಲಿ ಹುಡುಗರು ತೂಕಡಿಸುವುದಿಲ್ಲ.

ಕನ್ನಡದಲ್ಲಿ ಸಿದ್ಧಾಂತ ಅನ್ನುತ್ತೇವೆ.
ಸಿದ್ಧವಾದ ಅಂತ, ಕೊನೆ ಮುಟ್ಟಿದ್ದು, ಚಿಲಕ ಹಾಕಿದ್ದು.
ಬಿಡಿಸಿ ಓದಿದರೆ ಸಿದ್ಧ ಅಂತ.
ಯಾರೋ ಹೇಳಿದರು ಸಿದ್ಧ ಅಂತ,
ನಾನೂ ಬರೆಸಿದೆ ಸಿದ್ಧ ಅಂತ.

ಆ ಅಜ್ಜ ನೋಡುತ್ತಿದ್ದದ್ದು ಏನಿರಬಹುದು?
ನೀರಿನ ಮೇಲೊಂದು ಕಪ್ಪು, ಮೋಡದ ನೆರಳೋ ಬಂಗುಡೆಯೋ.
ಹಕ್ಕಿ ಎರಗುವ ಓರೆ.
ಎಲ್ಲ ಸುಮ್ಮನಿರುವಾಗ ಒಂದೇ ಕಡೆ ನೀರಿಗೆ ಬಂದ ಸಣ್ಣ ನಡುಕ.
ಹಿಂದೆ ಹಗ್ಗ ಹಿಡಿದು ಇಪ್ಪತ್ತು ಜನ,
ಅವರ ಮನೆಗಳ ಒಲೆ ಆ ಎರಡು ಕಣ್ಣಿನಲ್ಲಿ.
ತಪ್ಪಿದ್ದೂ ಇರಬೇಕು.
ನೆರಳಿಗೆ ಬಲೆ ಬಿಟ್ಟು
ಖಾಲಿ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ,
ಮರುದಿನ ಮತ್ತೆ ಅದೇ ತುದಿಯಲ್ಲಿ ನಿಂತದ್ದೂ.

ತುಳುವಿನಲ್ಲಿ ಕೂಗಿರಬೇಕು, ತೂಲೆ, ತೂಲೆ, ನೋಡಿ ಅಂತ.
ಥಿಯರಿಗೂ ಅದಕ್ಕೂ ನಂಟಿಲ್ಲ, ಗೊತ್ತು,
ಭಾಷೆ ಬಲ್ಲವರು ನಕ್ಕಾರು.
ಆದರೂ ಒಂದರ ಬೆನ್ನಿಗೆ ಒಂದು ಹೇಳಿ ನೋಡಿದೆ,
ನಾಲಗೆ ಎರಡು ಸಲವೂ
ಹಲ್ಲಿನ ಹಿಂದೆ ಅದೇ ಜಾಗವನ್ನು ಮುಟ್ಟಿತು.

ಐದು ಗಂಟೆ. ಬೋಟುಗಳು ಬರುವ ಸದ್ದು.
ಹಾಳೆಯ ಅಂಚಿನಿಂದ ನನ್ನ ಕೆಂಪು ಸೊನ್ನೆ
ರೆಪ್ಪೆ ಮುಚ್ಚದೆ ನೋಡುತ್ತಿದೆ.
ಅದರ ನಡುವೆ ಒಂದು ಚುಕ್ಕಿ ಇಟ್ಟೆ.

ಆಫೀಸಿನ ಲವೀನಾ ಮೇಡಂ ಅಂಕ ಕೂಡಿಸುವಾಗ
ಕನ್ನಡಕ ಮೇಲೇರಿಸಿ ಕೇಳುತ್ತಾರೆ
ಇದು ಎಷ್ಟು ಅಂತ.