ತೋಳದ ಪಂಚಮ

ಸಾರೆಮಾ ದ್ವೀಪದ ಚರ್ಚಿನಲ್ಲಿ ನನಗೆ ಎರಡು ದಿನದ ಕೂಲಿ:
ಆರ್ಗನ್ನಿನ ಮುಂದೆ ಕೂತು, ಹೇಳಿದ ಕೀಲಿ ಒತ್ತಿ ಹಿಡಿಯುವುದು.
ಒಳಗೆ, ತವರ ಸೀಸದ ಕೊಳವೆಗಳ ಅಡವಿಯಲ್ಲಿ,
ಲೈಡಾ ಪಿಹ್ಲ್ ಉಸಿರು ಬಿಗಿಹಿಡಿದು ನಿಂತಿರುತ್ತಾಳೆ.
ಮೈಯ ಬಿಸಿ ತಾಗಿದರೂ ಕೊಳವೆ ಸುಳ್ಳು ಹೇಳುತ್ತದಂತೆ.
"ಮುಂದಿನದು," ಅನ್ನುತ್ತಾಳೆ. ಮುಂದಿನದು.

ಕೋಟಿನ ಜೇಬಿನಲ್ಲಿ ತಾರ್ತುವಿನಿಂದ ತಂದ ನನ್ನ ಪ್ರಬಂಧ,
ನಲವತ್ತೊಂದನೆಯ ಪುಟಕ್ಕೆ ನಿಂತುಹೋದದ್ದು:
ಒಳಿತನ್ನಲ್ಲದೆ ಬೇರೇನನ್ನೂ ಮಾಡಲಾರದ ದೇವರು
ಸ್ವತಂತ್ರನೋ, ಒಳಿತಿನ ಜೀತದಾಳೋ?
ಕಲ್ಲು ಕದಿಯಲಿಲ್ಲವೆಂದು
ಕಲ್ಲನ್ನು ಮೆಚ್ಚುವುದುಂಟೆ?

ಊಟದ ಹೊತ್ತಿಗೆ, ಕಪ್ಪು ರೊಟ್ಟಿ, ಹೊಗೆಯಾಡಿಸಿದ ಮೀನು,
ಅವಳನ್ನೇ ಕೇಳಿದೆ: "ಬೇಕಂತಲೇ ಅಪಸ್ವರ ಕೂರಿಸಬಲ್ಲಿರಾ?"
ಬೆರಳಿನ ಜಿಡ್ಡು ಒರೆಸಿಕೊಳ್ಳುತ್ತ ನಕ್ಕಳು.
"ಬಲ್ಲೆ. ಕೈ ಏಳುವುದಿಲ್ಲ."

ಕೈ ಏಳುವುದಿಲ್ಲ.
ಲಕ್ವ ಹೊಡೆದವನಿಗೂ ಅದೇ ಮಾತು,
ಮಗುವಿಗೆ ಹೊಡೆಯಲಾಗದ ತಾಯಿಗೂ ಅದೇ.
ಅವನಿಗದು ಸಂಕೋಲೆ. ಅವಳಿಗೆ, ಅದು ಅವಳೇ.
ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ
ಗೆದ್ದವನ ಹಾಗೆ.

ಅವಳು ನೋಡಿದಳು. "ಅಷ್ಟಕ್ಕೇ ಮುಗಿಯಿತೆ?

ಶುದ್ಧ ಪಂಚಮಗಳನ್ನೇ ಒಂದರ ಮೇಲೊಂದಿಟ್ಟು
ಹನ್ನೆರಡು ಮೆಟ್ಟಿಲು ಹತ್ತಿ ಬಾ.
ಹೊರಟ ಮನೆಗೇ ಮರಳಬೇಕಲ್ಲ? ಇಲ್ಲ.
ಹೊಸಿಲಿಗಿಂತ ಕೂದಲೆಳೆ ಮೇಲೆ ಕಾಲು ತೂಗುತ್ತಿರುತ್ತದೆ.
ಯಾರ ತಪ್ಪೂ ಅಲ್ಲ, ಲೆಕ್ಕವೇ ಹಾಗೆ.
ಎಲ್ಲವೂ ಶುದ್ಧವಾಗಿರುವ ಶ್ರುತಿ ಇಲ್ಲವೇ ಇಲ್ಲ.
ಆ ಕೂದಲೆಳೆಯನ್ನು ಯಾವುದಾದರೂ ಜೋಡಿಯ ತಲೆಗೆ ಕಟ್ಟಬೇಕು.
ಅದು ಊಳಿಡುತ್ತದೆ. ತೋಳ ಅನ್ನುತ್ತೇವೆ.
ಹಳೆಯ ಕಸುಬಿನವರು ಅದನ್ನು
ಯಾರೂ ನುಡಿಸದ ಮೂಲೆಯಲ್ಲಿ ಬಚ್ಚಿಡುತ್ತಿದ್ದರು.
ನಾನೂ ಅಲ್ಲೇ ಇಡುತ್ತೇನೆ."

ಮೀನಿನ ಮುಳ್ಳನ್ನು ಕಾಗದದ ಅಂಚಿಗೆ ಸರಿಸಿದಳು.

"ನಲವತ್ತೊಂಬತ್ತರ ಮಾರ್ಚ್. ನನಗೆ ಐದು.
ಲಾರಿ ಪಕ್ಕದ ಮನೆ ದಾಟಿ ನಮ್ಮ ಬೇಲಿಗೆ ಬಂದು ನಿಂತಿತು.
ಯಾರೂ ನುಡಿಸದ ಮೂಲೆಯಲ್ಲಿ
ನಮ್ಮ ಮನೆ ಇತ್ತು, ತಮ್ಮಾ.
ಆಲ್ವರ್, ನನಗಿಂತ ಚಿಕ್ಕವನು, ಸೈಬೀರಿಯದಲ್ಲೇ ಉಳಿದ."

ನಾನು ಪುಟ ಮಡಚಿದೆ.
ಕೈ ಏಳದವನ ಕೈಯೂ
ಎಲ್ಲೋ ಒಂದು ಕಡೆ ಅದನ್ನಿಡಬೇಕಲ್ಲ.
ಎಲ್ಲಿಡಲೆಂದು ಆರಿಸುವುದಷ್ಟೇ ಸ್ವಾತಂತ್ರ್ಯವಾದರೆ
ಅಂಥದ್ದು ಯಾರಿಗೆ ಬೇಕು?

ಮಾರನೆಯ ಸಂಜೆ, ಕೆಲಸ ಮುಗಿದ ಮೇಲೆ,
ಅಡವಿಯಿಂದ ಹೊರಬಂದು ನನ್ನ ಪಕ್ಕ ಕೂತಳು.
ಎರಡು ಕೀಲಿ ತೋರಿಸಿ, "ಒತ್ತು. ಬಿಡಬೇಡ."
ಕಲ್ಲಿನ ಕಮಾನಿಗೆ ತಾಗಿ ಅದು ಊಳಿಟ್ಟಿತು.
ಚಳಿಗೆ ನನ್ನ ಬೆರಳು ಬಿಳಿಚಿದ್ದವು.
ಅವಳು ಕದಲಲಿಲ್ಲ.

"ಪ್ರತಿ ಸಲವೂ ಕೇಳುತ್ತೇನೆ. ಇಟ್ಟವಳು ನಾನಲ್ಲವೆ.
ನಿನ್ನ ದೇವರು ಸ್ವತಂತ್ರನೋ ಅಲ್ಲವೋ ನೀವೇ ಬಗೆಹರಿಸಿಕೊಳ್ಳಿ.
ಅವನು ಹೀಗೆ ಬಂದು ಕೂರುತ್ತಾನೋ,
ಅಷ್ಟು ಹೇಳು."

ಬಹಳ ಹೊತ್ತಾದ ಮೇಲೆ, "ಸಾಕು," ಅಂದಳು.

ನನ್ನ ಕೈ ಏಳಲಿಲ್ಲ.