ತೇಪೆ

ವಾಲ್ಡ್‌ಕಿರ್ಖ್ ಊರಿನ ಓಟಿಲಿಯ ಕೊಟ್ಟಿಗೆಗೆ
ನಾಲ್ವರು ಏದುಸಿರು ಬಿಡುತ್ತ ಇಳಿಸಿಹೋದ ಪಿಯಾನೊ.
ಮುಂದಿನ ಹಲಗೆ ಬಿಚ್ಚಿದರೆ
ಸೀಸದ ಕೊಳವೆ ಎಂಬತ್ತೆಂಟು,
ಇಲಿ ಕಡಿದ ತೊಗಲು,
ಬಣ್ಣಗೆಟ್ಟ ಟ್ರಾಮ್ ಟಿಕೆಟ್ಟು,
ಯಾವುದೋ ಮಗುವಿನ ಹಾಲುಹಲ್ಲು.

'ಇದು ಊದುವ ಯಂತ್ರವಲ್ಲ' ಅನ್ನುತ್ತಾಳೆ
ಸರೇಸು ಕಾಯಿಸುತ್ತ, ಆ ನಾತಕ್ಕೂ ಮೂಗು ಮುಚ್ಚದೆ.
'ಎಳಕೊಳ್ಳುವುದು. ಬರೀ ಎಳಕೊಳ್ಳುವುದು.'

ಕಾಲಡಿ ತಿದಿ ತುಳಿದಂತೆ ಒಳಗೆಲ್ಲ ಬರಿದು.
ಹಿತ್ತಾಳೆ ಪಟ್ಟಿಯ ಮೇಲೆ ಕಾಗದ ಸರಿಯುತ್ತದೆ,
ತೂತಿಗೆ ತೂತು ಕೂಡಿದೊಡನೆ
ಹೊರಗಿನ ಗಾಳಿ ಒಂದು ಗುಟುಕು ಒಳನುಗ್ಗಿ
ಉಗುರಗಲದ ತೊಗಲು ಉಬ್ಬಿ
ಬಿರಡೆ ಎದ್ದು, ಮರಿತಿದಿ ಕುಸಿದು
ಕೊನೆಗೆ ಸುತ್ತಿಗೆ ತಂತಿಗೆ.
ಇಷ್ಟೆಲ್ಲ ಒಂದು ಸ್ವರಕ್ಕೆ!
ಎಲ್ಲರ ಮನೆ ದೋಸೆಯೂ ತೂತು ಅನ್ನುತ್ತದೆ ಗಾದೆ;
ಇಲ್ಲಿ ತೂತೇ ದೋಸೆ.

ಸುರುಳಿಯ ಮೊದಲ ಗೇಣಿನಲ್ಲಿ ಪೆನ್ಸಿಲ್ ಬರಹ:
ನುಡಿಸಿದ್ದು ಲಿಯೋನ್‌ಹಾರ್ಟ್ ಫೇಲರ್.
ತಿದ್ದಿದ್ದು ವಾಲ್‌ಬುರ್ಗಾ.
ಓಟಿಲಿಗೆ ಅವಳು ಅಜ್ಜಿಯ ತಂಗಿ.
ವಾರಕ್ಕೆ ಆರು ದಿನ, ಕಿಟಕಿಯ ಪಕ್ಕ ಕೂತು
ದೊಡ್ಡವರ ಬೆರಳು ಜಾರಿದಲ್ಲೆಲ್ಲ
ತೆಳು ಕಾಗದ ಮೆತ್ತುವ ಕೆಲಸ.
ಸಂಗೀತ ಕಲಿತವಳಲ್ಲ,
ಕಿವಿ ಮಾತ್ರ ಹಾವಿನದ್ದು ಅನ್ನುತ್ತಿದ್ದರಂತೆ
(ಹಾವಿಗೆ ಕಿವಿಯೇ ಇಲ್ಲವೆಂದು ಯಾರೂ ಹೇಳಲಿಲ್ಲ).

ಬೆಳಕಿಗೆ ಹಿಡಿದು ಎಣಿಸಿದೆವು: ಹದಿನಾಲ್ಕು ತೇಪೆ.
ನಾನು ತುಳಿಯತೊಡಗಿದೆ.
ಯಾರ ಬೆರಳೂ ಇಲ್ಲದ ಮನೆಗಳು
ತಾವೇ ತಗ್ಗಿ ತಾವೇ ಎದ್ದವು.
ಮೂರನೇ ನಿಮಿಷಕ್ಕೆ, ನಿಧಾನವಾದ ಒಂದು ಇಳಿಜಾರಿನಲ್ಲಿ,
ಹಸಿಮೆಣಸು ಕಚ್ಚಿದ ಹಾಗೆ
ಒಂದು ಅಪಸ್ವರ.

ನಿಲ್ಲಿಸು ಅಂದಳು.
ಭೂತಗನ್ನಡಿ ತಂದಳು.
ಆ ತೂತಿನ ಪಕ್ಕ, ಇರುವೆಗಿಂತ ಸಣ್ಣಗೆ,
ವಾಲ್‌ಬುರ್ಗಾಳ ಅದೇ ಪೆನ್ಸಿಲ್: ಇರಲಿ.

ಪ್ರೀತಿಯೋ, ಹೊಟ್ಟೆಕಿಚ್ಚೋ, ಶನಿವಾರ ಸಂಜೆಯ ದಣಿವೋ
ಎಂದು ನಾನು ಶುರುಮಾಡಿದೆ.
'ಸರೇಸು ಆರುತ್ತಿದೆ' ಅಂದಳು ಓಟಿಲಿ.
ಕುಂಚ ತೊಳೆದು ಮಡಕೆ ಮುಚ್ಚಿದಳು.

ಗುರುವಾರ ಬಂದ ಒಡೆಯ, ಮುದುಕ ಡುಫ್ನರ್,
ಪಟ್ಟಿಯನ್ನು ಎರಡು ಸಲ ಓದಿದ:
ತೊಗಲು ಎಂಬತ್ತೆಂಟು. ಕೊಳವೆ ಎರಡು.
ತಪ್ಪು ಒಂದು, ಮುಟ್ಟಿಲ್ಲ.
ಹಣ ಎಣಿಸಿಕೊಟ್ಟ. ಮತ್ತೆ ಅವಳು
ಪುಟ್ಟ ಲಕೋಟೆ ಅಂಗೈಗೆ ಬಗ್ಗಿಸಿದಾಗ
ಏನೂ ಕೇಳದೆ
ಹಲ್ಲನ್ನು ಬಹಳ ಹೊತ್ತು ನೋಡುತ್ತ
ಬಾಯಿ ಮುಚ್ಚಿಕೊಂಡೇ, ನಾಲಿಗೆಯಿಂದ,
ಈ ತುದಿಯಿಂದ ಆ ತುದಿಗೆ
ತನ್ನವನ್ನು ಮುಟ್ಟಿ ಮುಟ್ಟಿ ಎಣಿಸಿದ.